ನೆರಳಿಲ್ಲದ ಕಂಬ

ಭೂಗೋಳ ಕಲಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಗಣಿತದ ಮೇಷ್ಟರಿಗೆ ಆದದ್ದನ್ನು ನಾನು ಕಂಡಿಲ್ಲ.

ನಾನಿದ್ದದ್ದು ಬಂಗಾರಪೇಟೆಯಲ್ಲಿ, ಬಾಡಿಗೆ ಕೋಣೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಒಲೆ ಹಚ್ಚುವುದು ಒಂದೇ ಹೊತ್ತು. ಕೆಲಸ ರಾಬರ್ಟ್‌ಸನ್‌ಪೇಟೆಯ ಒಂದು ಹೈಸ್ಕೂಲಿನಲ್ಲಿ. ದಿನಾ ರೈಲು. ಎಪ್ಪತ್ತರ ದಶಕದಿಂದ ರಿಟೈರ್ ಆಗುವವರೆಗೆ ನನಗಿದ್ದ ಆಸೆ ಒಂದೇ.

ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ಒಂದು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಶಾಲೆಯ ಬಾವುಟದ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಡಿಸೆಂಬರಿನಲ್ಲಿ ಅದೇ ಹೊತ್ತಿಗೆ ಅದೇ ಕಂಬದ ನೆರಳು ಉದ್ದಕ್ಕೆ ಮಲಗಿರುತ್ತದೆ. ಬೇಸಿಗೆ, ಚಳಿಗಾಲ ಎಲ್ಲ ಇಷ್ಟೇ. ಬಿಸಿಲು ನೇರ ಬಿದ್ದರೆ ಕಾವು, ಓರೆ ಬಿದ್ದರೆ ತಂಪು. ಇದನ್ನು ಒಬ್ಬರಿಗಾದರೂ ಕಂಬದ ಪಕ್ಕ ನಿಲ್ಲಿಸಿ ತೋರಿಸಬೇಕು ಅಂತ ಇತ್ತು. ಆದರೆ ಆ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ.

ಟಾರ್ಚು

ಕಂಬ ಆಗದಿದ್ದರೆ ಟಾರ್ಚು ಅಂದುಕೊಂಡೆ. ಒಂಬತ್ತನೇ ಕ್ಲಾಸಿನ ಕಿಟಕಿ ಮುಚ್ಚಿಸಿ ಗೋಡೆಗೆ ನೇರ ಬೆಳಕು ಬಿಟ್ಟೆ. ಸಣ್ಣ ದುಂಡು, ಪ್ರಖರ. ಓರೆ ಹಿಡಿದೆ. ಬೆಳಕು ಹರಡಿ ಮಂಕಾಯಿತು.

"ಯಾಕೆ ಮಂಕಾಯಿತು?" ಅಂದೆ.

ಇಡೀ ಕ್ಲಾಸು ಯೋಚನೆ ಮಾಡಿತು. ಹಿಂದಿನ ಬೆಂಚಿನಿಂದ ಉತ್ತರ ಬಂತು.

"ಸೆಲ್ ವೀಕು ಸಾರ್."

ಮಾರ್ಕು

ಪರೀಕ್ಷೆಯಲ್ಲಿ ಒಬ್ಬ ಹುಡುಗಿ, ಸೂರ್ಯ ಹತ್ತಿರ ಬರುವುದರಿಂದ ಬೇಸಿಗೆ ಆಗುತ್ತದೆ ಎಂದು ಬರೆದಿದ್ದಳು. ಸೊನ್ನೆ ಹಾಕಿದೆ. ಮರುದಿನ ಅವಳ ಅಪ್ಪ ಬಂದ. ಊರಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸ. ಶಿಫ್ಟು ಮುಗಿಸಿ ನೇರ ಬಂದಿದ್ದ.

"ಸೊನ್ನೆ ಯಾಕೆ ಸಾರ್? ಬೆಂಕಿ ಹತ್ರ ಬಂದ್ರೆ ಸುಡಲ್ವಾ?"

"ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯಲ್ಲಿ. ಆಗ ನಿನಗೆ ಚಳಿ," ಅಂದೆ.

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು.

"ಆಮಾ ಸಾರ್, ಹೌದು! ನಾನು ದಿನಾ ಮೈಲಿಗಟ್ಲೆ ಕೆಳಗೆ ಇಳೀತೀನಿ. ಸೂರ್ಯಂಗೆ ಅಷ್ಟು ದೂರ ಆಗ್ತೀನಿ. ಅಲ್ಲೇ ಸೆಕೆ ಜಾಸ್ತಿ. ದೂರಕ್ಕೂ ಸೆಕೆಗೂ ಸಂಬಂಧ ಇಲ್ಲ."

ಗಣಿಯ ಸೆಕೆ ಭೂಮಿಯ ಒಳಗಿನದು, ಅದು ಬೇರೆ ವಿಷಯ. ಆದರೂ ಹೌದು ಅಂದೆ. ಮನುಷ್ಯ ಯೋಚನೆ ಮಾಡಿದ್ದನಲ್ಲ.

"ನಾನೇಳಿದ್ದು ಸರಿ ತಾನೇ?"

"ಸರಿ."

"ಹಂಗಾದ್ರೆ ಆ ಮಾರ್ಕು ಮಗಳಿಗೆ ಕೊಡಿ ಸಾರ್. ನಾನೇನ್ ಮಾಡ್ಲಿ ಅದನ್ನ ಇಟ್ಕೊಂಡು?"

ತಪಾಸಣೆ

ಸೂರ್ಯ ಆಗಸ್ಟಿನಲ್ಲಿ ಇನ್ನೊಮ್ಮೆ ನೆತ್ತಿಗೆ ಬರುತ್ತಾನೆ. ಒಂದು ವರ್ಷ ಅದೇ ದಿನ ಇನ್‌ಸ್ಪೆಕ್ಟರು ಶಾಲೆಗೆ ಬಂದರು. ಹೆಡ್‌ಮಾಸ್ಟರಿಗೆ ಹೇಳಿ ಎಲ್ಲರನ್ನೂ ಕಂಬದ ಸುತ್ತ ನಿಲ್ಲಿಸಿದೆ. ಹನ್ನೆರಡೂ ಕಾಲಿಗೆ ಸರಿಯಾಗಿ ಆಕಾಶದ ತುಂಬ ಮೋಡ ಮುಚ್ಚಿತು. ಕಂಬಕ್ಕೆ ನೆರಳಿಲ್ಲ. ಹೆಡ್‌ಮಾಸ್ಟರಿಗೂ ಇಲ್ಲ, ಕಾಂಪೌಂಡ್ ಗೋಡೆಗೂ ಇಲ್ಲ.

ನಾನು ತಲೆ ತಗ್ಗಿಸಿದೆ. ಇನ್‌ಸ್ಪೆಕ್ಟರು ಕಂಬ ನೋಡಿದರು, ನೆಲ ನೋಡಿದರು, ನನ್ನ ಕೈ ಕುಲುಕಿದರು.

"ಭೇಷ್! ಹೇಳಿದ ಟೈಮಿಗೆ ಸರಿಯಾಗಿ ಹೋಯ್ತಲ್ರೀ!"

ರೈಲಿನಲ್ಲಿ

ಆಗಸ್ಟಿನಲ್ಲಿ ಯಾವ ವರ್ಷವೂ ಮೋಡ ಬಿಡಲಿಲ್ಲ. ಹಾಗಾಗಿ ಪ್ರತಿ ಏಪ್ರಿಲಿನಲ್ಲಿ ನಾನೊಬ್ಬನೇ ಹೋಗಿ ನೋಡಿ ಬರುತ್ತಿದ್ದೆ. ಮಕ್ಕಳಿಗೆ ಬನ್ನಿ ಎಂದು ಹೇಳಿರುತ್ತಿದ್ದೆ. ಹೂಂ ಸಾರ್ ಅನ್ನುತ್ತಿದ್ದರು. ಯಾರೂ ಬರುತ್ತಿರಲಿಲ್ಲ.

ಒಮ್ಮೆ ರೈಲಿನಲ್ಲಿ ಎದುರು ಕೂತ ಪರಿಚಯದವರೊಬ್ಬರು ಕೇಳಿದರು. "ಶಾಲೆಗೆ ರಜ ಅಲ್ವಾ ಸಾರ್? ಎಲ್ಲಿಗೆ ಹೊರಟಿರಿ?"

"ಶಾಲೆಗೇ."

"ಯಾರಿರ್ತಾರೆ?"

"ಯಾರೂ ಇರಲ್ಲ. ಇವತ್ತು ನೆರಳೂ ಇರಲ್ಲ."

ಮುಂದಿನ ಸ್ಟೇಷನ್ನಿನಲ್ಲಿ ಅವರು ಇಳಿದು ಬೇರೆ ಡಬ್ಬಿ ಹತ್ತಿದರು.

ಕೊನೆಯ ಏಪ್ರಿಲ್

ರಿಟೈರ್ ಆಗುವ ವರ್ಷ. ಇನ್ನು ಆ ಅಂಗಳಕ್ಕೆ ಬರಲು ನನಗೆ ಕಾರಣ ಉಳಿಯುವುದಿಲ್ಲ. ಹನ್ನೊಂದು ಗಂಟೆಗೇ ಹೋಗಿ ಕಂಬದ ಪಕ್ಕ ನಿಂತೆ. ಹನ್ನೆರಡಾಯಿತು. ನೆರಳು ಗೇಣುದ್ದಕ್ಕೆ ಇಳಿಯಿತು. ಗೇಟಿನಲ್ಲಿ ಯಾರೂ ಇಲ್ಲ.

ಹನ್ನೆರಡೂ ಕಾಲಿಗೆ ಗೇಟು ಕಿರ್ ಅಂದಿತು. ಹಾಲು ಮಾರುವ ಹೆಂಗಸು, ಹಳ್ಳಿಯವಳು, ದಿನಾ ನನ್ನ ರೈಲಿನಲ್ಲೇ ಬರುವವಳು. ಸೊಂಟದ ಮೇಲೆ ಖಾಲಿ ಕ್ಯಾನು.

"ಮೇಷ್ಟ್ರೇ, ಒಸಿ..."

"ಬಾ ಬಾ. ಇಲ್ಲಿ ನಿಂತ್ಕೋ. ಕಂಬ ನೋಡು," ಅಂದೆ.

ನೋಡಿದಳು. ಕಂಬವನ್ನು ಒಂದು ಸುತ್ತು ಬಂದಳು.

"ಅಯ್ಯೋ ಸಿವನೇ! ಇದ್ರ ನೆಳ್ಳು ಎಲ್ಲೋಯ್ತು?"

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನು ಹೇಳತೊಡಗಿದೆ. ಭೂಮಿ ವಾಲಿಕೊಂಡೇ ಸೂರ್ಯನನ್ನು ಸುತ್ತುವುದು, ಅದರಿಂದ ಬಿಸಿಲು ಒಮ್ಮೆ ನೇರ, ಒಮ್ಮೆ ಓರೆ ಬೀಳುವುದು, ಓರೆ ಬಿದ್ದಾಗ ಅಷ್ಟೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುವುದು. ಆಕೆ ಒಂದೆರಡು ಸಲ ಕೈ ಎತ್ತಿದಳು. ತಾಳು, ಹೇಳ್ತೀನಿ ಅಂದು ಮುಂದುವರಿಸಿದೆ. ಕೊನೆಗೆ ನಾನು ಉಸಿರೆಳೆಯಲು ನಿಂತಾಗ ಅಂದಳು:

"ಅಂದ್ರೆ ಚಳಿಗಾಲದ್ದು ನೀರು ಬೆರೆಸಿದ ಬಿಸ್ಲು."

ಇದಕ್ಕಿಂತ ಚೆನ್ನಾಗಿ ನನ್ನ ಒಬ್ಬ ವಿದ್ಯಾರ್ಥಿಯೂ ಬರೆದಿರಲಿಲ್ಲ. ಉತ್ಸಾಹ ಬಂತು. ಆಸ್ಟ್ರೇಲಿಯಾಕ್ಕೆ ಹೋದೆ. ಅಲ್ಲಿ ಡಿಸೆಂಬರಿನಲ್ಲಿ ಬೇಸಿಗೆ ಯಾಕೆ ಎಂದು ವಿವರಿಸಿದೆ. ಅಷ್ಟರಲ್ಲಿ ಕಂಬದ ಬುಡದಲ್ಲಿ ಪೂರ್ವಕ್ಕೆ ಸಣ್ಣ ನೆರಳು ಮೂಡಿತು.

"ನಿಮ್ಮ ಮನೆ ಮುಂದಿನ ಕಂಬಕ್ಕೂ ಇಂಗೇ ಆಗ್ತದಾ?" ಕೇಳಿದಳು.

"ಹೂಂ."

"ಮತ್ತೆ ರೈಲತ್ತಿ ಇಲ್ಲಿಗ್ಯಾಕೆ ಬತ್ತೀರಿ?"

"ಅಲ್ಲಿ ನೋಡೋಕೆ ಯಾರೂ ಬರಲ್ಲ."

ಆಕೆ ಖಾಲಿ ಅಂಗಳ ನೋಡಿದಳು. "ಇಲ್ಲೂ ಯಾರೂ ಬಂದಿಲ್ವಲ್ಲ!"

"ನೀನು ಬಂದೆಯಲ್ಲ," ಅಂದೆ.

"ನಾನ್ ಬಂದಿದ್ದು ನೀರು ಕುಡಿಯಾಕೆ ಮೇಷ್ಟ್ರೇ! ಆವಾಗಿಂದ ಕೇಳ್ಬೇಕು ಅಂತಿದ್ದೀನಿ, ನೀವು ಬಾಯಿ ಮುಚ್ಚಿದ್ರೆ ತಾನೇ!"

ಬಾಯಿ ಮುಚ್ಚುವುದಿಲ್ಲ ಎಂದು ಬೈಯುವಷ್ಟು ಹೊತ್ತು ನನ್ನ ಮಾತು ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ.