ಮರುಭೂಮಿಯಲ್ಲಿ ಲಂಗರು ಹಾಕಿದ ಹಡಗಿನ ಬಗ್ಗೆ

ಸಾರ್ವಜನಿಕ ಸಂಪರ್ಕಾಧಿಕಾರಿಗಳಿಗೆ,
ಸರಕು ಹಡಗು ಕಂಪನಿ, ಬಂದರು ರಸ್ತೆ.

ವಿಷಯ: ತಮ್ಮ ಪತ್ರಿಕಾ ಹೇಳಿಕೆಗಳಿಂದ ಒಂಬತ್ತನೇ ತರಗತಿಯ ಭೂಗೋಳ ಪರೀಕ್ಷೆಗೆ ಆದ ಉಪಕಾರ ಮತ್ತು ಉಪದ್ರವ.

ಮಾನ್ಯರೇ,

ತಾವೂ, ತಮ್ಮ ತಂಪು ಕಚೇರಿಯೂ, ತಮ್ಮ ಮೇಜಿನ ಮೇಲಿರುವ ಗಾಜಿನ ಹಡಗೂ ಕ್ಷೇಮವೆಂದು ನಂಬಿ, ಆ ಗಾಜಿನ ಹಡಗಾದರೂ ಇಟ್ಟ ಜಾಗದಲ್ಲೇ ಇರಲೆಂದು ಮನಸಾರೆ ಹಾರೈಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇದನ್ನು ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹಿಂದೆ ಅಂಚೆಯಲ್ಲಿ ಕಳಿಸಿದ ಪತ್ರಗಳ ಬಗ್ಗೆ ವಿಚಾರಿಸಿದಾಗ ಅವು 'ಪರಿಶೀಲನೆಯಲ್ಲಿ ಸುರಕ್ಷಿತವಾಗಿವೆ' ಎಂಬ ಉತ್ತರ ಬಂತು, ಮತ್ತು ತಮ್ಮ ಕಂಪನಿಯ ಬಾಯಲ್ಲಿ 'ಸುರಕ್ಷಿತ' ಎಂಬ ಪದ ಕೇಳಿದರೆ ನನಗೀಗ ಎದೆ ಝಲ್ ಎನ್ನುತ್ತದೆ.

ನಾನು ಬಂದರಿನ ಹಿಂದಿನ ಶಾಲೆಯಲ್ಲಿ ಭೂಗೋಳ ಕಲಿಸುವವಳು. ನಮ್ಮ ಪಠ್ಯಪುಸ್ತಕದ ನಕಾಶೆಯಲ್ಲಿ, ಭೂಮಿಯ ಮೇಲಿನಿಂದ ಎಂದೋ ಅಳಿಸಿಹೋದ ದೇಶಗಳು ಇನ್ನೂ ನೆಮ್ಮದಿಯಿಂದ ಬಾಳಿಕೊಂಡಿರುವುದರಿಂದ, ಪ್ರತಿ ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ನಾನು ಮಕ್ಕಳಿಗೆ ಖಾಲಿ ಭೂಪಟ ಹಂಚಿ, ಹಿಂದಿನ ವಾರದ ಪತ್ರಿಕೆಯಿಂದ ಕೆಲವು ಸುದ್ದಿಗಳನ್ನು ಓದಿ, ಎಲ್ಲಿ ಜ್ವಾಲಾಮುಖಿ ಉಗುಳಿತೋ, ಎಲ್ಲಿ ಸರ್ಕಾರ ಉರುಳಿತೋ ಅಲ್ಲಿ ಪೆನ್ಸಿಲಿನ ಚುಕ್ಕೆ ಇಡಿಸುತ್ತೇನೆ. ಉರು ಹೊಡೆದು ಗೆಲ್ಲಲಾಗದ ಪರೀಕ್ಷೆಯಾದ್ದರಿಂದ ಪೋಷಕರಿಗೆ ಇದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಎಲ್ಲೋ ಯುದ್ಧ ಶುರುವಾದ ವಾರ ಒಬ್ಬ ತಾಯಿ ಸ್ಟಾಫ್ ರೂಮಿಗೇ ಬಂದು, "ಮೇಡಂ, ಇನ್ನೆರಡು ದೇಶ ಸೇರ್ಕೊಂಡ್ರೆ ನನ್ನ ಮಗ ಫೇಲಾಗ್ತಾನೆ" ಎಂದು ಗೋಳು ತೋಡಿಕೊಂಡಿದ್ದರು.

ಇಂಥ ಬಡ ಪರೀಕ್ಷೆಗೆ ತಮ್ಮ ಕಂಪನಿ ಧಾರಾಳವಾಗಿ ಪ್ರಶ್ನೆ ಒದಗಿಸಿದ್ದನ್ನು ನಾನು ಮರೆಯಲಾರೆ. ತಮ್ಮ ಸರಕು ಹಡಗೊಂದರ ಎಂಜಿನ್ ಕೆಟ್ಟಿದೆಯೆಂದೂ, ಆದರೂ ಅದನ್ನು ಎಳೆದು ತರಲಾಗುತ್ತಿದೆಯೆಂದೂ, ಅದು ಈಗಾಗಲೇ ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿದ್ದು ಸಿಬ್ಬಂದಿಯೆಲ್ಲ ಆರೋಗ್ಯವಾಗಿ, ಉಲ್ಲಾಸದಿಂದ ಇದ್ದಾರೆಂದೂ ತಾವು ಹೇಳಿಕೆ ಕೊಟ್ಟಿರಿ. ಮಕ್ಕಳು ಹೇಳಿದಲ್ಲಿ ಚುಕ್ಕೆ ಇಟ್ಟರು. ಅವರಲ್ಲೊಬ್ಬಳು ಚುಕ್ಕೆ ಇಟ್ಟ ಮೇಲೂ ಹಾಳೆ ಕೊಡದೆ, ಅಲ್ಲಿಂದ ನಮ್ಮೂರಿಗೆ ಎಷ್ಟು ದೂರವೆಂದು ಅಡಿಪಟ್ಟಿ ಹಿಡಿದು ಅಳೆಯುತ್ತ ಕೂತಳು. ಅವಳ ಅಪ್ಪ ಅದೇ ಹಡಗಿನ ಅಡುಗೆಯವರು.

ಮುಂದಿನ ವಾರ ತಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜನರ ಅನುಮಾನ ನಿವಾರಿಸಲೆಂದು ಹಡಗಿನ ಅಕ್ಷಾಂಶ ರೇಖಾಂಶಗಳನ್ನೇ ಪ್ರಕಟಿಸಿದಿರಿ: ಹದಿನೈದು ಡಿಗ್ರಿ ಉತ್ತರ, ಹನ್ನೆರಡು ಡಿಗ್ರಿ ಪೂರ್ವ. ಪತ್ರಿಕೆಯಲ್ಲಿ ಡಿಗ್ರಿ ಕಂಡು ಹಿಗ್ಗಿದ ನಾನು ಅದನ್ನು ಹಾಗೇ ಕರಿಹಲಗೆಯ ಮೇಲೆ ಬರೆದೆ. ಬಹುಪಾಲು ಮಕ್ಕಳು ಡಿಗ್ರಿ ಎಣಿಸುವ ಗೋಜಿಗೆ ಹೋಗದೆ, ಹಡಗೆಂದ ಮೇಲೆ ನೀರಿನಲ್ಲೇ ಇರಬೇಕೆಂದು ತಮಗೆ ತೋಚಿದ ಸಮುದ್ರಗಳಿಗೆ ಚುಕ್ಕೆ ಇಟ್ಟರು. ಕೊನೆಯ ಬೆಂಚಿನ ಒಬ್ಬ ಮಾತ್ರ ಶ್ರದ್ಧೆಯಿಂದ ಗೆರೆ ಎಳೆದು, ಎರಡು ಗೆರೆ ಕೂಡಿದಲ್ಲಿ ತಮ್ಮ ಹಡಗನ್ನು ಮರುಭೂಮಿಯ ನಡುವೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಒಂಟೆಯ ಚಿತ್ರವನ್ನೂ ಬರೆದು, ಪೂರ್ತಿ ಅಂಕ ಕೇಳಿದ. ತರಗತಿ ಬಿದ್ದು ಬಿದ್ದು ನಕ್ಕಿತು, ಮತ್ತು ಆ ಗಳಿಗೆಯಿಂದ ಅವನ ಹೆಸರು ಒಂಟೆ ಎಂದಾಯಿತು. ನಾನು ನಕಾಶೆ ತೆಗೆದು ನೋಡಿದೆ. ಒಂಟೆಯದೇ ಸರಿಯಾಗಿತ್ತು. ತಾವು ಕೊಟ್ಟ ಜಾಗದಲ್ಲಿ ಹಡಗು ತೇಲಬೇಕಾದರೆ ಮೊದಲು ಒಂದು ಸಮುದ್ರವನ್ನು ಅಲ್ಲಿಗೆ ಸಾಗಿಸಬೇಕು.

ಈ ನಗುವಿನಲ್ಲಿ ಸೇರದೆ ಉಳಿದವಳು ಅಡುಗೆಯವರ ಮಗಳು. ಅವಳು ಚುಕ್ಕೆಯನ್ನು ಆಫ್ರಿಕಾದ ಪಶ್ಚಿಮ ಕರಾವಳಿಗೆ ಒತ್ತಿ ಇಟ್ಟಿದ್ದಳು. ಹಾಗೇಕೆಂದು ಕೇಳಿದಾಗ ಮೆಲ್ಲನೆ ಹೇಳಿದಳು. ಹಡಗಿನಲ್ಲಿ ಒಂದೇ ಫೋನು ಉಳಿದಿದೆ. ಒಬ್ಬೊಬ್ಬರಿಗೆ ಒಂದೊಂದು ಗಳಿಗೆಯ ಮಾತು. ಇರುವ ಜಾಗದ ಹೆಸರು ಬಾಯಿಬಿಟ್ಟವರಿಗೆ ಮತ್ತೆ ಫೋನೇ ಇಲ್ಲವೆಂದು ತಮ್ಮ ಕಚೇರಿಯ ಆಜ್ಞೆಯಿದೆ. ಅದಕ್ಕೇ ಅವಳು ಜಾಗ ಕೇಳಿರಲಿಲ್ಲ. "ಅಪ್ಪ, ಅಲ್ಲಿ ಸೂರ್ಯ ಎಲ್ಲಿ ಮುಳುಗ್ತಾನೆ?" ಎಂದು ಮಾತ್ರ ಕೇಳಿದ್ದಳು. "ನೀರಿಗೇ ಬೀಳ್ತಾನಮ್ಮ. ಬೆಳಿಗ್ಗೆ ದೂರದ ಗುಡ್ಡದ ಹಿಂದಿಂದ ಏಳ್ತಾನೆ" ಎಂದಿದ್ದರು ಅಪ್ಪ.

ಆಫ್ರಿಕಾದ ಪೂರ್ವಕ್ಕಿರುವ ಹಡಗಿಗೆ ಸೂರ್ಯ ನೀರಿನಿಂದ ಎದ್ದು ನೆಲದಲ್ಲಿ ಮುಳುಗಬೇಕು. ತಮ್ಮ ಕಂಪನಿ ಸೂರ್ಯನಿಗೂ ಏನಾದರೂ ಆಜ್ಞೆ ಹೊರಡಿಸಿರಬಹುದೇ ಎಂದು ನಾನು ಯೋಚಿಸುತ್ತಿರುವಾಗ ಅವಳು ಇನ್ನೊಂದು ಮಾತು ಸೇರಿಸಿದಳು. "ಬೇಯಿಸೋ ನೀರಿಗೆ ಈಗ ಅರ್ಧ ಸಮುದ್ರದ್ದೇ ಸೇರಿಸ್ತಾರಂತೆ ಮಿಸ್. ಉಪ್ಪು ಹಾಕೋ ಕೆಲಸ ಉಳೀತು ಅಂತ ನಕ್ಕರು. ಅಪ್ಪ ಹಾಗೆ ನಗೋದು ಹೆದರಿದಾಗ."

ಒಂಟೆ ಎದ್ದು ಬಂದು ತನ್ನ ಹಾಳೆಯನ್ನು ಅವಳ ಹಾಳೆಯ ಪಕ್ಕ ಇಟ್ಟು ಬಹಳ ಹೊತ್ತು ನೋಡಿ, "ಮಿಸ್, ಉತ್ತರ ಅನ್ನೋ ಕಡೆ ದಕ್ಷಿಣ ಅಂತ ಓದಿದ್ರೆ?" ಎಂದ. ಭೂಮಧ್ಯರೇಖೆಯಿಂದ ಕೆಳಕ್ಕೆ ಹದಿನೈದು ಡಿಗ್ರಿ ಎಣಿಸಿದೆವು. ಗೆರೆಗಳು ಕೂಡಿದ್ದು ಪಶ್ಚಿಮ ಕರಾವಳಿಯ ಅಂಚಿನ ನೀರಿನಲ್ಲಿ, ಅವಳು ಚುಕ್ಕೆ ಒತ್ತಿದ್ದ ಕರಾವಳಿಯಲ್ಲೇ. ಅಂದರೆ ಸುಳ್ಳು ಹೇಳುವ ಅವಸರದಲ್ಲಿ ತಮ್ಮ ಕಚೇರಿ ಎಲ್ಲೋ ಕೈತಪ್ಪಿ ಸತ್ಯವನ್ನೇ ಅಚ್ಚಿಗೆ ಕೊಟ್ಟಿತ್ತು, ಮತ್ತು ಅದರಲ್ಲೂ ಒಂದು ಪದ ತಪ್ಪಾಗಿತ್ತು. ಸುಳ್ಳು ಹೇಳುವಾಗಲೂ ಸತ್ಯ ಹೇಳುವಾಗಲೂ ತಪ್ಪು ಮಾಡದೆ ಬಿಡದ ಸಂಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಸಾಧನೆಗಾಗಿ ತಮ್ಮನ್ನು ಅಭಿನಂದಿಸುತ್ತೇನೆ.

ನಮ್ಮ ಮುಖ್ಯೋಪಾಧ್ಯಾಯರು ಮಾತ್ರ ತಮ್ಮ ಪರ ನಿಂತರೆಂದು ತಿಳಿಸಲು ಸಂತೋಷಪಡುತ್ತೇನೆ. "ಪೇಪರಲ್ಲಿ ಏನಿದೆಯೋ ಅದೇ ಉತ್ತರ ಮೇಡಂ. ನಾವೇನು ಸಮುದ್ರಕ್ಕೆ ಹೋಗಿ ನೋಡ್ಕೊಂಡು ಬರೋಕಾಗುತ್ತಾ" ಎಂದರು. ಸಮುದ್ರಕ್ಕೆ ಹೋಗಲಾಗದಿದ್ದರೂ ಬಂದರು ರಸ್ತೆಗೆ ಹೋಗಬಹುದಲ್ಲ ಎಂದು ನಾನು, ಹುಡುಗಿ, ಒಂಟೆ ಮತ್ತು ಹುಡುಗಿಯ ಅಜ್ಜಿ ತಮ್ಮ ದರ್ಶನಕ್ಕೆ ಬಂದದ್ದು ತಮಗೆ ನೆನಪಿರಬಹುದು. ತಾವು ನಮಗೆಲ್ಲ ಹಡಗುಗಳ ಚಿತ್ರವಿರುವ ಕ್ಯಾಲೆಂಡರ್ ಕೊಟ್ಟು, "ಚಲಿಸ್ತಾ ಇರೋ ಹಡಗಿಗೆ ವಿಳಾಸ ಅಂತ ಇರಲ್ಲ ಮೇಡಂ" ಎಂದು ತಿಳಿಹೇಳಿದಿರಿ. ಅಜ್ಜಿ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಹಡಗು ಚಲಿಸ್ಲಿ ಬಿಡಪ್ಪ. ನನ್ನ ಮಗ ಎಲ್ಲಿ ನಿಂತಿದ್ದಾನೆ ಅದು ಹೇಳು" ಎಂದರು. ತಮಗೆ ಆ ಹೊತ್ತಿಗೇ ಸರಿಯಾಗಿ ಒಂದು ಮೀಟಿಂಗ್ ನೆನಪಾಯಿತು.

ತಾವು ಮೀಟಿಂಗಿಗೆ ನಡೆದ ಮೇಲೆ ಏನಾಯಿತೆಂದು ತಮಗೆ ಗೊತ್ತಿಲ್ಲ. ಮುಂಬಾಗಿಲ ಹಜಾರದಲ್ಲಿ ಗೋಡೆಯಗಲದ ಭೂಪಟವೊಂದಿದೆ. ಒಂದೊಂದು ಹಡಗಿಗೂ ಒಂದೊಂದು ಪುಟ್ಟ ಆಯಸ್ಕಾಂತ. ಹುಡುಗಿ ಅದರ ಮುಂದೆ ನಿಂತು ಒಂದೊಂದೇ ಹೆಸರು ಓದಿದಳು. ಅಪ್ಪನ ಹಡಗು ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ, ಮರುಭೂಮಿಯಲ್ಲೂ ಇರಲಿಲ್ಲ, ಯಾವ ನೀರಿನಲ್ಲೂ ಇರಲಿಲ್ಲ. ಅವಳು ಅಳಲಿಲ್ಲ, ಭೂಪಟದ ಒಂದು ಮೂಲೆಯಿಂದ ಮತ್ತೆ ಓದಲು ಶುರುಮಾಡಿದಳು. ಎರಡನೇ ಸಲ ಓದುವುದನ್ನು ನೋಡಲಾಗದೆ ಇರಬೇಕು, ಸ್ವಾಗತದ ಮೇಜಿನ ಹೆಂಗಸು ತನ್ನ ಡ್ರಾಯರ್ ತೆಗೆದು ಒಂದು ಆಯಸ್ಕಾಂತ ಹೊರಗೆ ತೆಗೆದರು, ಎದ್ದು ಬಂದರು, ಪಶ್ಚಿಮ ಕರಾವಳಿಯ ಅಂಚಿಗೆ ಅದನ್ನು ಅಂಟಿಸಿದರು. "ಪೇಪರಿನವರು ಬರೋಕೆ ಮುಂಚೆ ಇಲ್ಲೇ ಇತ್ತಮ್ಮ. ತೆಗೆದಿಡು ಅಂದ್ರು, ತೆಗೆದಿಟ್ಟೆ" ಎಂದು ಹೇಳಿ ವಾಪಸ್ಸು ಹೋಗಿ ಫೋನ್ ಎತ್ತಿಕೊಂಡರು. ಒಂಟೆ, ದಕ್ಷಿಣಕ್ಕೆ ತಿದ್ದಿದ್ದ ತನ್ನ ಹಾಳೆಯನ್ನು ಗೋಡೆಗೆ ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಲ್ಲಿಂದ ನೇರ ನಾವಿಕರ ಸಂಘದ ಕಚೇರಿಗೆ ನಡೆದೆವು. ಎಂಜಿನ್ನಿನ ಜೊತೆ ದೀಪವೂ ಯಂತ್ರಗಳೂ ಸತ್ತ ಆ ಹಡಗು ತಾನೆಲ್ಲಿದ್ದೇನೆಂದು ಯಾರಿಗೂ ಸಾರುವ ಸ್ಥಿತಿಯಲ್ಲಿರಲಿಲ್ಲವಾಗಿ, ಅವರೂ ತಮ್ಮ ಕಂಪನಿಯ ಹೇಳಿಕೆ ನಂಬಿ ಹಿಂದೂ ಮಹಾಸಾಗರದ ಬಂದರುಗಳಿಗೆಲ್ಲ ಫೋನ್ ಮಾಡಿ ಸುಸ್ತಾಗಿದ್ದರು. ಕಾರ್ಯದರ್ಶಿ ನಮ್ಮ ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಮಾಹಿತಿ ಯಾರದು ಮೇಡಂ?" ಎಂದರು. ಒಂಬತ್ತನೇ ತರಗತಿ ಬಿ ವಿಭಾಗದ್ದು ಎಂದೆ. ಅವರು ನಗಲಿಲ್ಲ. ಆ ಕರಾವಳಿಯ ಸಂಘದವರನ್ನು ಹುಡುಕಿ ಫೋನ್ ಹಚ್ಚಿದರು.

ಮೊದಲು ಹಡಗು ಮುಟ್ಟಿದ್ದು ಅಲ್ಲಿನ ಮೀನುಗಾರರ ದೋಣಿಗಳು, ಡ್ರಮ್ಮುಗಳಲ್ಲಿ ಸಿಹಿನೀರು ಹೊತ್ತುಕೊಂಡು. ಆಮೇಲೆ ಬಂದರಿನ ದೋಣಿ ಹೋಗಿ ಎಲ್ಲರನ್ನೂ ಇಳಿಸಿಕೊಂಡಿತು. ಎಳೆದು ತರುವ ಹಡಗು ಅಲ್ಲಿ ಯಾವತ್ತೂ ಬಂದೇ ಇರಲಿಲ್ಲವಂತೆ. ಅಡುಗೆಯವರು ಊರಿಗೆ ಬಂದಿಳಿದಾಗ ಅಂಗಿ ಅವರ ಮೇಲೆ ನೇತುಹಾಕಿದಂತಿತ್ತು. ಅಜ್ಜಿ ಮಗನ ಕೆನ್ನೆ ಮುಟ್ಟಿ ನೋಡಿ ಒಳಗೆ ಹೋಗಿ ನೀರು ತಂದರು. ಅಪ್ಪ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, ತುಸು ಹೊತ್ತು ಅದನ್ನೇ ನೋಡುತ್ತ ನಿಂತರೆಂದು ಮಗಳು ನನಗೆ ಹೇಳಿದಳು.

ಆ ವಾರದ ಪರೀಕ್ಷೆಯಲ್ಲಿ ನಾನು, ಸುದ್ದಿಯಲ್ಲಿದ್ದ ಹಡಗಿನ ಸಿಬ್ಬಂದಿ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಅಡುಗೆಯವರ ಮಗಳು ನಮ್ಮೂರಿನ ಮೇಲೆ ಚುಕ್ಕೆ ಇಟ್ಟು, ಅದನ್ನೇ ತಿದ್ದಿ ತಿದ್ದಿ, ದಪ್ಪ ಮಾಡಿ, ನೆರೆಯ ಎರಡು ದೇಶಗಳನ್ನೂ ನುಂಗಿ, ಕೊನೆಗೆ ಹಾಳೆಗೆ ತೂತು ಬೀಳಿಸಿದಳು. ಲೋಕದ ಕಾನೂನಿನಲ್ಲಿ ಅದು ಗಡಿ ಉಲ್ಲಂಘನೆ. ನಾನು ಪೂರ್ತಿ ಅಂಕ ಕೊಟ್ಟೆ.

ಇಷ್ಟೆಲ್ಲ ನಡೆದ ಮೇಲೆ 'ಕಂಪನಿಯ ಸಕಾಲಿಕ ಕ್ರಮದಿಂದ ಸಿಬ್ಬಂದಿ ಸುರಕ್ಷಿತ' ಎಂಬ ತಮ್ಮ ಹೇಳಿಕೆಯನ್ನು ಓದಿ, ಮೂರು ಸಣ್ಣ ಬೇಡಿಕೆ ಮುಂದಿಡುವ ಧೈರ್ಯ ಬಂದಿದೆ. ಇನ್ನು ಮುಂದೆ ತಾವು ಸುಳ್ಳು ಹೇಳುವಾಗ ದಯವಿಟ್ಟು ನಮ್ಮ ಪಠ್ಯಪುಸ್ತಕದ ನಕಾಶೆಯನ್ನೇ ಅನುಸರಿಸಬೇಕು. ಭೂಮಿಯ ಮೇಲಿಲ್ಲದ ದೇಶಗಳು ಅದರಲ್ಲಿ ಬೇಕಾದಷ್ಟಿವೆ, ಹಡಗು ಬಚ್ಚಿಡಲು ಅನುಕೂಲ. ಸೂರ್ಯ ಯಾವ ಕಡೆ ಮುಳುಗಬೇಕೆಂಬ ಆದೇಶದ ಒಂದು ಪ್ರತಿಯನ್ನು ಭಾನುವಾರದೊಳಗೆ ಶಾಲೆಗೆ ಕಳಿಸಬೇಕು, ಪ್ರಶ್ನೆಪತ್ರಿಕೆ ತಿದ್ದಿಕೊಳ್ಳಲು ನಮಗೆ ಸಮಯ ಬೇಕು. ಕೊನೆಯದಾಗಿ, ತಾವೇ ಒಂದು ಸೋಮವಾರ ಬಂದು, ಕೊನೆಯ ಬೆಂಚಿನಲ್ಲಿ ಒಂಟೆಯ ಪಕ್ಕ ಕೂತು, ಪರೀಕ್ಷೆ ಬರೆಯಬೇಕು. ಅವನು ಹಾಳೆ ತೋರಿಸುವುದಿಲ್ಲ ಎಂದು ಮುಂಚಿತವಾಗಿ ತಿಳಿಸಿರುತ್ತೇನೆ.

ಪದ್ಧತಿ ಬಿಡಲಾಗದೆ ಹೀಗೆ ಬರೆದುಕೊಳ್ಳುವ,
ತಮ್ಮ ವಿಶ್ವಾಸಿ,
ಭೂಗೋಳದ ಮಿಸ್

ಮರೆತ ಮಾತು: ತಮ್ಮ ಕಂಪನಿಯ ಇನ್ನೊಂದು ಹಡಗು 'ಸುರಕ್ಷಿತವಾಗಿದೆ' ಎಂದು ಇವತ್ತಿನ ಪತ್ರಿಕೆಯಲ್ಲಿದೆ. ಮಕ್ಕಳು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ.