ಎರಡು ಮಾಳಿಗೆ, ಅರ್ಧ ದಿನದ ರಜೆ

ಅರ್ಧ ದಿನದ ರಜೆ ಉಳಿಸಲು ಹೋಗಿ ಅಮೋಘಸಿದ್ದ ಕೆಟ್ಟ. ದೇವದುರ್ಗದ ಸ್ವಂತ ಮನೆಯನ್ನು ಲಲಿತಾ ಟೀಚರಿಗೆ ಬಾಡಿಗೆ ಕೊಡುವ ಕರಾರು, ರಾಯಚೂರಿನಲ್ಲಿ ತಾನು ಬಾಡಿಗೆಗಿದ್ದ ಖಾಸಿಂ ಬೀಯ ಮನೆಯ ಹೊಸ ಕರಾರು, ಎರಡನ್ನೂ ಒಂದೇ ಮುಂಜಾನೆ ಮುಗಿಸಲು ಕೋರ್ಟಿನ ಪಕ್ಕದ ಅಯ್ಯಣ್ಣನ ಬಾಂಡ್ ಅಂಗಡಿಗೆ ಬಂದಿದ್ದ. ಅವನ ಜೀವವೆಲ್ಲ ಎರಡನೆಯದರಲ್ಲೇ ಇತ್ತು. ಈ ಮಳೆಗಾಲದಲ್ಲಿ ಖಾಸಿಂ ಬೀಯ ಮಾಳಿಗೆ ಸೋರಿ ಸೋರಿ, ಅವನ ಮಂಚ ಮನೆಯ ನಾಲ್ಕೂ ಮೂಲೆ ಸುತ್ತಿ ಬಂದಿತ್ತು. ಅದರ ದುರಸ್ತಿ ಆಕೆಯದೇ ಎಂದು ಬರೆಸದೆ ಮನೆಗೆ ಬರಬೇಡಿ ಎಂದಿದ್ದಳು ಹೆಂಡತಿ.

ಮೊದಲು ದೇವದುರ್ಗದ ಕರಾರು. ಬೆಂಚಿನ ಮೇಲೆ ಸರದಿಗೆ ಕಾದಿದ್ದವರಿಗೆ ಬೇರೆ ಕೆಲಸವಿರಲಿಲ್ಲ. ನಲ್ಲಿ ಕೆಟ್ಟರೆ ಬಾಡಿಗೆದಾರರೇ ಮಾಡಿಸಬೇಕು ಅಂದ ಒಬ್ಬ. ಸುಣ್ಣಬಣ್ಣವೂ ಅವರದೇ ಅಂದ ಇನ್ನೊಬ್ಬ. ಮಾನ್ವಿಯಿಂದ ಬಂದಿದ್ದ ಮೌನಪ್ಪ ಹೆಸರಿಗಷ್ಟೇ ಮೌನಪ್ಪ, ಮಾಳಿಗೆಯನ್ನೂ ಅವರ ಮೇಲೇ ಹಾಕಿಸಿದ. ಅಮೋಘಸಿದ್ದ ಎಲ್ಲದಕ್ಕೂ ಹೂಂ ಅಂದು, ಕಾಗದ ಕೈಗೆ ಬಂದಾಗ ಊರಿಗೆಲ್ಲ ಕೇಳುವಂತೆ ಓದಿದ.

"ಕರಾರಂದ್ರ ಹಿಂಗಿರಬೇಕು ನೋಡ್ರಿ. ಒಂದ್ ಅಕ್ಷರ ಬದಲಿ ಮಾಡಂಗಿಲ್ಲ."

"ಎಲ್ಲಾ ನಾನ ಮಾಡಿಸೂದಾದ್ರ, ನೀವೇನ್ ಮಾಡ್ತೀರಿ ಸರ್?" ಎಂದಳು ಎದುರಿಗೆ ಕೂತಿದ್ದ ಲಲಿತಾ.

ಉತ್ತರಕ್ಕೆ ಬಾಯಿ ತೆರೆದವನ ಕಣ್ಣು ಬಾಗಿಲಿಗೆ ಹೋಯಿತು. ಖಾಸಿಂ ಬೀ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆಕೆಯ ಕರಾರಿಗೂ ಇದೇ ಮಾದರಿಯಾಗಲಿ ಎಂದು ಅಮೋಘಸಿದ್ದ ತಕ್ಷಣ ದನಿ ಬದಲಿಸಿದ.

"ಟೀಚರ್ ಹೇಳೂದು ಖರೇ ಅದ. ಮಾಳಗಿ ಯಾವತ್ತಿದ್ರೂ ಮಾಲಕರದ. ಹಂಗ ಬರಿ, ಅಯ್ಯಣ್ಣ."

ಮೊದಲು ಬರೆದ ಕಾಗದ ಮೇಜಿನ ಕೆಳಗೆ ಬಿತ್ತು. ಲಲಿತಾ ಹೊಸದಕ್ಕೆ ಸಹಿ ಹಾಕಿ, ಬೀಗದ ಕೈ ಇಸಿದುಕೊಂಡು ದೇವದುರ್ಗದ ಬಸ್ಸು ಹಿಡಿದಳು.

"ಬರ್ರಿ ಯವ್ವಾ, ನಮ್ದೂ ಇದರಂಗ ಮಾಡಿಸೂಣು" ಎಂದು ಅಮೋಘಸಿದ್ದ ಹೊಸ ಕರಾರನ್ನು ಚಾಚಿದ. ಖಾಸಿಂ ಬೀ ಅದನ್ನು ಮುಟ್ಟಲಿಲ್ಲ. ಬಗ್ಗಿ, ಮೇಜಿನ ಕೆಳಗಿನ ಕಾಗದ ಎತ್ತಿ ಧೂಳು ಝಾಡಿಸಿದಳು.

"ಇದನ್ಯಾಕ ಒಗೀತಿಯಪ್ಪಾ? ಒಂದ್ ಅಕ್ಷರ ಬದಲಿ ಮಾಡಂಗಿಲ್ಲಂತ ನೀನ ಅಂದಿ. ಹೆಸರಷ್ಟ ಬದಲಿ ಮಾಡಿಸು. ಆಗಲ್ಲಂದ್ರ ಬರೋ ತಿಂಗಳ ಮನಿ ಖಾಲಿ ಮಾಡು."

ಬೆಂಚಿನವರೆಲ್ಲ ಇದೇ ನ್ಯಾಯವೆಂದರು. ಸಾಕ್ಷಿ ಹಾಕಲು ಮೊದಲು ಪೆನ್ನು ತೆಗೆದವನು ಮೌನಪ್ಪ.

ಸಂಜೆ ಅಮೋಘಸಿದ್ದ ಅಂಗಡಿಯಲ್ಲಿ ಖಾಸಿಂ ಬೀಯ ಮಾಳಿಗೆಗೆ ಸಿಮೆಂಟು ಕೊಳ್ಳುತ್ತಿದ್ದಾಗ ಲಲಿತಾಳ ಫೋನು ಬಂತು.

"ಸರ್, ಇಲ್ಲೂ ಮಾಳಗಿ ಸೋರಾಕತ್ತದ. ಯಾವಾಗ ಬರ್ತೀರಿ?"

ಅವನು ಇನ್ನೆರಡು ಚೀಲ ಹಾಕಲು ಹೇಳಿ, ಮರುದಿನಕ್ಕೆ ಪೂರ್ತಿ ದಿನದ ರಜೆ ಬರೆದ.