ಮೀನಿನ ಗಾಡಿಯಲ್ಲಿ ಕೋಟೆಗೆ, ಮಂಡಿನೋವಿನಲ್ಲಿ ಗೋಪುರಕ್ಕೆ

ನಾವು ಮೂವರು ಒಟ್ಟಿಗೆ ಹೊರಟು ಏನೂ ಆಗದೆ ಮನೆಗೆ ಬಂದದ್ದು ನನಗೆ ನೆನಪಿಲ್ಲ. ನಾನು ಕುಂದಾಪುರದಲ್ಲಿ ಟೈಲರ್. ಒಬ್ಬ ಸ್ನೇಹಿತ ಮೀನು ವ್ಯಾಪಾರಿ, ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಈ ಸಲದ ತಿರುಗಾಟ ಮೀನು ವ್ಯಾಪಾರಿಯ ಹಟದಿಂದ. ಮುಂದಿನ ವಾರ ಅವನ ಮಂಡಿ ಆಪರೇಷನ್. ಹರೆಯದಲ್ಲಿ ದೋಣಿಯಿಂದ ಬರುವಾಗ ದಡದ ಗುರುತಿಗೆ ಅವನು ನೋಡುತ್ತಿದ್ದದ್ದು ಹೊಳೆಬದಿಯ ಚರ್ಚಿನ ಗೋಪುರ.

"ಕಾಲ್ ಕೊಯ್ಯೂಕ್ ಮುಂಚೆ ಒಂದ್ ಸಲ ಅದ್ರ್ ಮೇಲ್ ನಿಂತ್ ಕಡ್ಲ್ ಕಾಣ್ಕ್," ಎಂದ.

ಹಾಗಾದರೆ ಮೊದಲು ಬಾರ್ಕೂರಿನ ಕೋಟೆಯೂ ಆಗಲಿ ಎಂದರು ಮೇಷ್ಟ್ರು.

ಹಾರ್ನು

ಹೋದದ್ದು ಮೀನಿನ ಗಾಡಿಯಲ್ಲೇ. ಕೋಟೆಯ ಹತ್ತಿರ ನಿಲ್ಲಿಸಿದವನೇ, ದಿನಾ ಕೇರಿಯಲ್ಲಿ ಮಾಡುವ ಹಾಗೆ ಉದ್ದಕ್ಕೆ ಹಾರ್ನು ಹೊಡೆದ. ಕೈಯ ಅಭ್ಯಾಸ, ಏನು ಮಾಡುವುದು! ಮೇಷ್ಟ್ರು ಕೆಳಗಿಳಿಯುವುದರೊಳಗೆ ಆಚೀಚೆ ಮನೆಯ ಹೆಂಗಸರು ಪಾತ್ರೆ ಹಿಡಿದು ಹಾಜರು.

"ಬಂಗ್ಡಿ ಇತ್ತಾ?"

"ಇವತ್ ಮೀನ್ ಇಲ್ಲೆ ಅಕ್ಕ. ಕೋಟೆ ಕಾಂಬುಕ್ ಬಂದದ್ದ್."

"ನಾ ಮಸಾಲಿ ಅರ್ದ್ ಇಟ್ಕಂಡ್ ಕೂಕಂಡಿದ್ದೆ. ಈಗ ಕೋಟೆ ಕಲ್ಲ್ ಹಾಕಿ ಸಾರ್ ಮಾಡ್ಕಾ?"

ಶತ್ರುಸೈನ್ಯ

ಒಳಗೆ ಮೇಷ್ಟ್ರ ಪಾಠ ಶುರುವಾಯಿತು. ಶತ್ರುಗಳು ಕೋಟೆ ಹೇಗೆ ಹತ್ತುತ್ತಿದ್ದರು ಎಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಪಂಚೆ ಎತ್ತಿ ಕಟ್ಟಿ, ಮುರಿದ ಗೋಡೆಯೊಂದನ್ನು ಹತ್ತಿಯೇ ತೋರಿಸಿದರು. ಹತ್ತಿದ್ದು ಸರಿ, ಕೆಳಗೆ ನೋಡಿದ್ದು ತಪ್ಪು. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ಮೇಷ್ಟ್ರೆ, ಶತ್ರುಗಳ್ ಇಳ್ದದ್ದ್ ಹ್ಯಾಂಗ್ ಅಂದ್ ಪಾಠದಗೆ ಇಲ್ಯಾ?" ಎಂದ ನಮ್ಮ ಮಂಡಿನೋವಿನವ.

ನನ್ನ ಹೆಗಲ ಮೇಲೆ ಕಾಲಿಟ್ಟು ಇಳಿದ ಮೇಷ್ಟ್ರು ಪಂಚೆ ಕೊಡವಿಕೊಂಡರು.

"ಗೆದ್ದವ್ರಿಗೆ ಬಾಗ್ಲ್ ತೆಗಿತಿದ್ರ್ ಮಾರಾಯ."

ಗಂಟೆ

ಅಲ್ಲಿಂದ ಹೊಳೆಬದಿಯ ಚರ್ಚಿಗೆ ಬಂದೆವು. ಅಲ್ಲಿನ ಫಾದರ್ ನನಗೆ ಗುರುತಿನವರು, ಅವರ ಬಿಳಿ ಅಂಗಿ ಹೊಲಿಯುವವನು ನಾನೇ. ಜಾಗ್ರತೆ ಎಂದಷ್ಟೇ ಹೇಳಿ ಗೋಪುರದ ಬಾಗಿಲು ತೆರೆಸಿದರು. ಮರದ ಮೆಟ್ಟಿಲು ಬಹಳ ಕಡಿದು. ನಮ್ಮವನು ಒಂದು ಮೆಟ್ಟಿಲು ಏರುವುದು, ಮಂಡಿ ಹಿಡಿದು ಕೂರುವುದು. ಸಾಕು, ಇಳಿಯುವ ಎಂದರೆ ನಮ್ಮ ಮೇಲೆಯೇ ಹರಿಹಾಯುತ್ತಿದ್ದ. ಅಂತೂ ತುದಿ ಮುಟ್ಟಿದ. ಹೊಳೆ ಕಡಲು ಸೇರುವ ಅಳಿವೆ, ಒಳಗೆ ಬರುತ್ತಿದ್ದ ದೋಣಿಗಳು, ಎಲ್ಲ ಕಂಡವು. ಅವನು ಕಣ್ಣೊರೆಸಿಕೊಂಡ.

ಅಷ್ಟಕ್ಕೇ ಇಳಿದಿದ್ದರೆ ಆಗುತ್ತಿತ್ತು. ಆದರೆ ಪಕ್ಕದಲ್ಲೇ ಗಂಟೆ. ಗಂಟೆ ಕಂಡರೆ ಬಾರಿಸಿ ಕೈಮುಗಿಯುವುದು ದೇವಸ್ಥಾನದಲ್ಲಿ ಬೆಳೆದ ನಮ್ಮ ಅಭ್ಯಾಸ. ನಮ್ಮವನು ಅದರ ನಾಲಿಗೆ ಹಿಡಿದು ಡಣ್ ಎಂದು ಒಂದು ಹೊಡೆದ. ಏದುಸಿರು ಬಂತು. ಸುಧಾರಿಸಿಕೊಂಡು ಇನ್ನೊಂದು. ಮತ್ತೆ ಉಸಿರೆಳೆದುಕೊಂಡು ಮತ್ತೊಂದು.

ಕೆಳಗಿನಿಂದ ಫಾದರ್ ಕೂಗಿದರು. "ಹ್ವಾಯ್, ನಿಲ್ಸಿ! ಹಾಂಗ್ ಬಿಟ್ ಬಿಟ್ ಹೊಡುದ್ ಯಾರಾರೂ ತೀರ್ಕಂಡ್ರೆ ಮಾತ್ರ!"

ಅವನನ್ನು ಹಿಡಿದು ಇಳಿಸುವುದರೊಳಗೆ ಅಂಗಳದ ತುಂಬ ಜನ. "ಯಾರ್ ಹೋದ್ದ್?" ಎಂದು ಕೇಳುವವರೇ ಎಲ್ಲ. ಯಾರೂ ಹೋಗಲಿಲ್ಲ ಎಂದು ಫಾದರ್ ಹೇಳಿದರೂ ನಂಬುವವರಿಲ್ಲ. ಆಗ ಹತ್ತಿರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಕ್ರಿಶ್ಚಿಯನ್ ಅಜ್ಜ, ಊರವರ ಬಾಯಲ್ಲಿ ಪೊರ್ಬು, ಕೋಲೂರಿಕೊಂಡು, ಏದುತ್ತ ಬಂದರು.

"ಫಾದರ್, ಹೋದ್ದ್ ನಾ ಅಲ್ಲ ಅಂದ್ ಮೈಕಗೆ ಒಂದ್ ಸಲ ಹೇಳಿ. ಮನಿ ತುಂಬ ಜನ ಬಂದ್ ಅಳ್ತಾ ಕೂಕಂಡಿರ್. ನಾ ಬದ್ಕಿದ್ದೆ ಅಂದ್ರೆ, 'ಗಂಟಿ ಹೊಡ್ದ್ ಆಯ್ತಲೆ' ಅಂತ್ರ್!"